ಧನ್ಯವಾದವಿಲ್ಲದ ಅರ್ಜಿ

ಜೈಲು ಸೂಪರಿಂಟೆಂಡೆಂಟ್ ಸಾಹೇಬರಿಗೆ,

೪೧೭ನೇ ನಂಬರಿನ ಕೈದಿಯ ಅಕ್ಕ ಬರೆಯುವ ಅರ್ಜಿ.

ತಮ್ಮನ ಕಣ್ಣಿಗೆ ಚಿಕಿತ್ಸೆ ಕೊಡಿಸಿ ಎಂದು ಮೂರು ತಿಂಗಳ ಹಿಂದೆ ಒಂಬತ್ತು ಪುಟ ಬರೆದಿದ್ದೆ. ದೊಡ್ಡವರ ಮುಂದೆ ಬಾಯಿಬಿಟ್ಟ ಕೂಡಲೇ ಬೇಡಬಾರದೆಂದು, ಮೊದಲ ಆರು ಪುಟಗಳಲ್ಲಿ ಅವನಿಗೆ ಹೊದಿಕೆ ಕೊಟ್ಟಿದ್ದಕ್ಕೆ, ಹೊಲಿಗೆ ಕಲಿಸಿದ್ದಕ್ಕೆ, ಭೇಟಿಗೆ ಬಂದಾಗ ನನಗೆ ಕುರ್ಚಿ ಹಾಕಿದ್ದಕ್ಕೆ ಉಪಕಾರ ಸ್ಮರಿಸಿದ್ದೆ. ಕಣ್ಣಿನ ವಿಷಯ ಏಳನೇ ಪುಟದಲ್ಲಿತ್ತು.

ನಿಮ್ಮ ಕಚೇರಿಯ ಕಂಪ್ಯೂಟರ್ ಉದ್ದದ ಅರ್ಜಿಗಳನ್ನು ಎರಡು ಸಾಲಿಗೆ ಇಳಿಸಿ ನಿಮ್ಮ ಮೇಜಿಗೆ ಕಳಿಸುತ್ತದಂತೆ. ನನ್ನದನ್ನು ಗುಮಾಸ್ತರು ಮೊನ್ನೆ ತೋರಿಸಿದರು: "ಕೈದಿಯ ಅಕ್ಕ ಜೈಲಿನ ವ್ಯವಸ್ಥೆಗೆ ಕೃತಜ್ಞತೆ ತಿಳಿಸಿದ್ದಾರೆ. ಕ್ರಮ ಅಗತ್ಯವಿಲ್ಲ."

"ಒಂದೇ ಪುಟ ಬರೀರಿ ಅಕ್ಕಾ. ಅಷ್ಟಿದ್ರೆ ಕಂಪ್ಯೂಟರಿಗೆ ಹಾಕಲ್ಲ, ಸಾಹೇಬ್ರ ಕೈಗೇ ಹೋಗುತ್ತೆ," ಎಂದರು.

"ಓದ್ತಾರಾ?" ಎಂದೆ.

"ಕೈಗೆ ಹೋಗುತ್ತೆ ಅಂದೆ," ಎಂದು ನಕ್ಕರು.

ಈ ಮೂರು ತಿಂಗಳಲ್ಲಿ ಅವನ ಎಡಗಣ್ಣು ಹೋಗಿದೆ. ಬಲಗಣ್ಣು ಉಳಿಯಬೇಕಾದರೆ ವಾರದೊಳಗೆ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಜೈಲಿನ ಡಾಕ್ಟರು ಬರೆದ ಚೀಟಿ ಗುಮಾಸ್ತರ ಕಡತದಲ್ಲೇ ಸಿಕ್ಕಿತು. ಅದರ ನಕಲನ್ನು ಲಗತ್ತಿಸಿದ್ದೇನೆ. ಚೀಟಿಯ ತಾರೀಖು ಹೋದ ತಿಂಗಳಿನದು.

ದಯವಿಟ್ಟು ಇವತ್ತೇ ಕಳಿಸಿ. ತಡವಾಗಿಹೋಗಿದ್ದರೆ, ಅವನ ಹಾಸಿಗೆಯನ್ನು ಬಾಗಿಲ ಪಕ್ಕದ ಗೋಡೆಗೆ ಹಾಕಿಸಿ, ಗೋಡೆ ಹಿಡಿದುಕೊಂಡು ನಡೆಯಲು ಅನುಕೂಲವಾಗುತ್ತದೆ. ಹೊಲಿಗೆ ಕೆಲಸದಿಂದ ಬಿಡಿಸಿ. ಸೂಜಿ ಕಾಣದಿದ್ದರೂ ಕಾಣುತ್ತದೆ ಎನ್ನುವ ಜಾತಿ ಅವನದು.

ಈ ಸಲ ಎಲ್ಲೂ ಧನ್ಯವಾದ ಬರೆದಿಲ್ಲ. ತಪ್ಪು ತಿಳಿಯಬೇಡಿ.

ಇಂತಿ,
೪೧೭ರ ಅಕ್ಕ