ಮೆಕ್ಕಾದ ಕಡೆಗಿದ್ದ ಕಮೋಡುಗಳು

ಅಮ್ಮನಿಗೆ ನಿನ್ನ ಪ್ಲಂಬರ್ ಮಗನ ಸಲಾಂ.

ನಾನಿರುವ ಲಾಡ್ಜಿನಲ್ಲೇ ಕೆಲಸ ಸಿಕ್ಕಿದೆ. ಏನು ಕೆಲಸ ಎಂದು ತಿಳಿದರೆ ನಗಬೇಡ. ಪಕ್ಕದ ಕೋಣೆಯ ಮುದುಕ ಟೈಲರ್ ದಿಕ್ಸೂಚಿ ಹಿಡಿದು ನೋಡಿದರೆ, ಇಲ್ಲಿನ ಕಮೋಡುಗಳೆಲ್ಲ ನೆಟ್ಟಗೆ ಮೆಕ್ಕಾದ ಕಡೆಗೇ ಇದ್ದವು. ನಮಾಜಿಗೆ ತಿರುಗುವ ದಿಕ್ಕಿಗೆ ಮುಖ ಮಾಡಿ ಆ ಕೆಲಸಕ್ಕೆ ಕೂರುವುದೇ ಎಂದು ರಂಪ ಎಬ್ಬಿಸಿದರು. ಆ ದಿಕ್ಕಿಗೆ ಬೆನ್ನು ಹಾಕುವಂತೆಯೂ ಇಲ್ಲವಲ್ಲ, ಅದಕ್ಕೆ ಓನರು ಎಲ್ಲವನ್ನೂ ನನ್ನಿಂದ ಕೀಳಿಸಿ ಅಡ್ಡಕ್ಕೆ ಕೂರಿಸಿದ. ಈಗ ಕೂತವರ ಮೊಣಕಾಲು ಬಾಗಿಲಿನಾಚೆ ಬರುತ್ತದೆ.

"ಬಾಗಿಲು ಮುಚ್ಚಲ್ವಲ್ಲ ಚಾಚಾ" ಅಂದೆ.

"ನೋಡಿದ್ರೆ ನೀವು ಹುಡುಗ್ರು ತಾನೇ ನೋಡೋದು, ಬಿಡಪ್ಪ. ನಿಮ್ಮ ಮುಂದೆ ನಂಗ್ಯಾವ ಮರ್ಯಾದೆ" ಅಂದರು ಟೈಲರ್.

ಹಾಗಾಗಿ ಒಳಗೆ ಆಳಿದೆ ಎಂದು ತಿಳಿಸಲು ಕೂತವರು ಕೆಮ್ಮುತ್ತಲೇ ಇರಬೇಕು. ಹೊಸದಾಗಿ ಬಂದವರು ಇಲ್ಲೇನೋ ಅಂಟುರೋಗ ಹಬ್ಬಿದೆ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ.

ನನಗೆ ಸೊಂಟ ಹಿಡಿದುಕೊಂಡಿದೆ, ಜ್ವರಗಿರ ಏನಿಲ್ಲ. ದುಆ ಮಾಡುವಾಗ ಸೊಂಟವನ್ನೂ ಸೇರಿಸು.

ಅಂಚೆ ಕಾರ್ಡು ತುಂಬಿತು. ನಿನ್ನನ್ನು ಮೆಕ್ಕಾಕ್ಕೆ ಕರೆದೊಯ್ಯುತ್ತೇನೆಂದು ಹೇಳಿ ಮನೆ ಬಿಟ್ಟವನು, ಸದ್ಯಕ್ಕೆ ಅತ್ತ ನೋಡುತ್ತಿದ್ದ ಕಮೋಡುಗಳನ್ನೂ ಇತ್ತ ತಿರುಗಿಸಿ ಕೂತಿದ್ದೇನೆ.

ನಿನ್ನ ಮಗ