ಹಂಸ ಇಳಿಯುವುದನ್ನು ಪೂರ್ತಿ ತೆಗೆಯಿರಿ

ಕಲಹಾಳ ಕೆರೆಯ ಏರಿ,
ಹಿಂಗಾಳಿ ತಿಂಗಳ ನಲವತ್ತೊಂದನೇ ದಿನ, ಮರುನೀರಿನ ಇನ್ನೂರಾ ಹದಿನೇಳನೇ ವರ್ಷ

ನಮಗಿಂತ ಹಿಂದೆ ಇರುವವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ಬತ್ತಿದ ಕೆರೆಗಳಿಗೆ ಮತ್ತೆ ನೀರು ಬಂದ ವರ್ಷವನ್ನು ನಾವು ಮೊದಲನೆಯದು ಎಂದು ಎಣಿಸುತ್ತೇವೆ. ನನ್ನ ಮಾತು ಒರಟಾಗಿ, ವಿಚಿತ್ರವಾಗಿ ಕಂಡರೆ ಮನ್ನಿಸಿ. ಓದುಮನೆಯನ್ನು ಅರ್ಧಕ್ಕೇ ಬಿಟ್ಟವಳು ನಾನು. ಒಂದು ಕಡೆ ಕೂತು ಕಲಿಯುವುದು ನನ್ನಿಂದ ಆಗಲಿಲ್ಲ. ಈ ಕಾಗದ ಹಿಂದೋಲೆಯಲ್ಲಿ ಬರುತ್ತಿದೆ, ಅಂದರೆ ಕಾಲಕ್ಕೆ ಎದುರಾಗಿ ಸಾಗುವ ಟಪಾಲಿನಲ್ಲಿ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಅದು ಸಿಗುತ್ತದೆ. ನನ್ನದನ್ನು ನಾನು ಹಕ್ಕಿಗಳಿಗಾಗಿ ಖರ್ಚು ಮಾಡುತ್ತಿದ್ದೇನೆ.

ಕೆರೆಯ ಹಕ್ಕಿಗಳ ಚಿತ್ರ ತೆಗೆಯುವವರನ್ನು ಇಲ್ಲಿ ಕೆರೆಗಣ್ಣು ಎನ್ನುತ್ತಾರೆ. ನಾನು ಕಲಹಾಳದ ಕೆರೆಗಣ್ಣು. ನೀರುಹಕ್ಕಿಗಳಿಂದ ನಮಗೆ ಕೊರಳುಬೇನೆ ಹರಡುತ್ತದೆ. ಅದು ಬಂದವರ ಕುತ್ತಿಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಉಸಿರು ನಿಲ್ಲುತ್ತದೆ. ಆದ್ದರಿಂದ ಹಕ್ಕಿಗಳಿರುವ ತನಕ ಕೆರೆಯ ಹತ್ತಿರ ನನ್ನ ಹೊರತು ಪಂಚರ ಅಪ್ಪಣೆಯಿಲ್ಲದೆ ಯಾರೂ ಸುಳಿಯುವಂತಿಲ್ಲ. ಮುಖಕ್ಕೆ ಮೇಣಬಟ್ಟೆ ಕಟ್ಟಿಕೊಂಡು, ಜೊಂಡಿನ ನಡುವೆ ಎದೆಮಟ್ಟ ನೀರಿನಲ್ಲಿ ನಿಂತು, ದಿನಕ್ಕೊಂದು ಗಾಜಿನ ಹಲಗೆಯ ಮೇಲೆ ಒಂದೇ ಚಿತ್ರ ತೆಗೆಯುತ್ತೇನೆ. ಸಂಜೆ ಅದನ್ನು ಪಂಚರು ನೋಡುತ್ತಾರೆ. ಕೊರಳು ತಿರುಚಿದ ಒಂದು ಹಕ್ಕಿ ಕಂಡರೂ ಹಿಂಡಿಗೆ ಹಿಂಡನ್ನೇ ಕೊಲ್ಲಬೇಕು. ಓಡುವ ಚಿತ್ರ, ಅಂದರೆ ನಿಮ್ಮ ವಿಡಿಯೊ, ತೆಗೆಯುವುದು ನಮ್ಮಲ್ಲಿ ಅಪರಾಧ. ಸುಳ್ಳುಬಿಂಬದ ವರ್ಷಗಳಲ್ಲಿ, ಯಾರೋ ಕೂತು ಹೆಣೆದ ಓಡುವ ಚಿತ್ರಗಳನ್ನು ನಂಬಿ ಊರುಗಳು ಊರುಗಳಿಗೆ ಬೆಂಕಿ ಹಚ್ಚಿದವು. ಆಮೇಲೆ ಆ ಯಂತ್ರಗಳನ್ನೆಲ್ಲ ಒಡೆದು ಹಾಕಿದರು. ಬೇರೆ ಬೇರೆ ದಿನದ ಹಲಗೆಗಳನ್ನು ಜೋಡಿಸಿ ತೋರಿಸಿದರೆ ಅದೂ ಹೆಣೆದದ್ದೇ. ಬಾಯಿಮಾತಿಗಂತೂ ಬೆಲೆಯಿಲ್ಲ.

ನೀವು ಪಟ್ಟೆತಲೆ ಹೆಬ್ಬಾತು ಎನ್ನುವ ಹಕ್ಕಿಯನ್ನು ನಾವು ಹಂಸ ಎನ್ನುತ್ತೇವೆ. ಎತ್ತರದಿಂದ ಬೇಗ ಇಳಿಯಬೇಕಾದಾಗ ಹಂಸ ಗಾಳಿಯಲ್ಲೇ ಅಂಗಾತ ಮಗುಚುತ್ತದೆ. ತಲೆಯನ್ನು ಮಾತ್ರ ನೆಟ್ಟಗೆ ಇಟ್ಟುಕೊಳ್ಳುತ್ತದೆ. ರೆಕ್ಕೆಯಡಿಯ ಗಾಳಿ ಸೋರಿ ದಡದಡ ಬೀಳುತ್ತದೆ, ನೀರಿಗೆ ಮುಂಚೆ ಮತ್ತೆ ಮಗುಚಿ ಸರಿಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯುತ್ತದೆ. ಹೋದ ವಾರ ನನ್ನ ಹಲಗೆಗೆ ಸಿಕ್ಕಿದ್ದು ಆ ನಡುವಿನ ಗಳಿಗೆ: ಹೊಟ್ಟೆ ಆಕಾಶಕ್ಕೆ, ಕೊರಳು ಪೂರ್ತಿ ತಿರುಚಿದೆ.

ನನಗೆ ಈ ಕೆಲಸ ಕಲಿಸಿದ ಅಂಬವ್ವ ಚಿಗವ್ವ ಹಲಗೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಕೈಜಾರಿ ಬಿತ್ತು ಅಂದುಬಿಡ ನೀಲಾ. ಯಾರ ಕೇಳ್ತಾರ?"

"ನಾನ ಕೇಳ್ತೀನಿ, ಚಿಗವ್ವ" ಎಂದೆ. ನಮಗೆ ಒಪ್ಪದ ಚಿತ್ರವನ್ನೆಲ್ಲ ಒಡೆಯುತ್ತ ಹೋದರೆ ಮತ್ತೆ ಬೆಂಕಿಯ ಕಾಲವೇ ಬರುತ್ತದೆ. ಹಲಗೆಯನ್ನೂ ಕೊಟ್ಟೆ, ಕಂಡದ್ದನ್ನೂ ಹೇಳಿದೆ.

ಹಿಂಡು ಕೊಲ್ಲುವ ತೆರವುಪಡೆಯ ಮುಖ್ಯಸ್ಥ ದ್ಯಾಮಣ್ಣ ಹಲಗೆಯನ್ನು ಬೆಳಕಿಗೆ ಹಿಡಿದ. "ಇಳಿಯೂದಂತ! ನೀ ಮನಿಗೆ ಹೋಗುವಾಗ ತಲಿ ಕೆಳಗ ಮಾಡಿ ಹೋಗ್ತಿಯೇನವಾ?" ಪಂಚರು ನಕ್ಕರು. ನಾನು ಕಣ್ಣಾರೆ ಕಂಡಿದ್ದೇನೆ ಎಂದು ಕೂಗಿದೆ. ಅವನ ದನಿ ಇಳಿಯಿತು. "ನೀ ಕಂಡಿದ್ದು ನಿನ್ನ ಕಣ್ಣಾಗ ಐತಿ, ಹಲಿಗ್ಯಾಗ ಇಲ್ಲ. ನನ್ನ ಮಗಳ ಕೊರಳೂ ಹಿಂಗ ತಿರುಗಿತ್ತು. ನಾ ಕೈಯಾಗ ಹಿಡಕೊಂಡಿದ್ದೆ." ಪಂಚರು ಹಿಂಡನ್ನು ಕೊಲ್ಲಲು ಅಪ್ಪಣೆ ಕೊಟ್ಟರು.

ಬೆಳಗ್ಗೆ ಕೆರೆಯ ಸುತ್ತಲಿಂದ ಕೋವಿ ಹಾರಿದವು. ಚದುರಿ ಹಾರುವ ಛರ್ರಾ ಗುಂಡು ಯಾರನ್ನೂ ಆರಿಸುವುದಿಲ್ಲ: ಗುಳುಮುಳುಕಗಳು ಮುಳುಗಿದಲ್ಲೇ ಸತ್ತು ತೇಲಿದವು, ಚಮಚಕೊಕ್ಕುಗಳು ನಿಂತಲ್ಲೇ ಮಡಚಿ ಬಿದ್ದವು. ಕೊಕ್ಕು ಹಾರಿಹೋದ ಒಂದು ಹಂಸ ಗುಂಡಗೆ ಸುತ್ತು ಹೊಡೆಯುತ್ತಲೇ ಇತ್ತು. ದಂಡೆಗೆ ತೆವಳಿದವುಗಳ ತಲೆಗೆ ಬಡಿಗೆಯಿಂದ ಹೊಡೆದರು. ಹಸಿ ತೆಂಗಿನಕಾಯಿ ಬಿರಿದ ಹಾಗೆ ಸದ್ದು. ನೊರೆ ಕೆಂಪಾಗಿ ದಡ ನೆಕ್ಕುತ್ತಿತ್ತು. ಮೇಲೆದ್ದು ತಪ್ಪಿಸಿಕೊಂಡ ಹಂಸಗಳು ದೂರ ಹೋಗಲಿಲ್ಲ. ಜೋಡಿಯನ್ನು ಕೂಗುತ್ತ ಸುತ್ತಿದವು, ಆಮೇಲೆ ಇಳಿಯಲು ಎಲ್ಲರ ಕಣ್ಣೆದುರೇ ಅಂಗಾತ ಮಗುಚಿದವು. "ನೋಡ್ರೋ, ನೋಡ್ರೋ!" ಎಂದು ಅರಚಿದೆ. "ಬೇನಿ ಹಕ್ಕಿ, ಹೊಡೀರಿ!" ಎಂದು ಪಡೆಯವರು ಅರಚಿದರು. ಮಗುಚಿದ ಹೊಟ್ಟೆಗಳು ಗಾಳಿಯಲ್ಲೇ ಹರಿದವು, ಕರುಳು ಜೊಂಡಿನ ಮೇಲೆ ಬಿತ್ತು. ದ್ಯಾಮಣ್ಣ ಒಂದು ಗಳಿಗೆ ಕೋವಿ ಇಳಿಸಿದ್ದನ್ನು ನಾನು ಕಂಡೆ. ಆಮೇಲೆ ಅವನೂ ಹೊಡೆದ. ಕ್ಯಾಮೆರಾದ ಮುಕ್ಕಾಲಿಯನ್ನು ಬೀಸಿ ಅವನ ಬಾಯಿಗೆ ಬಾರಿಸಿದೆ. ಹಲ್ಲು ಉದುರಿತು. ನನಗೆ ವಿಷಾದವಿಲ್ಲ.

ಅವನು ನನ್ನ ಮೇಲೆ ಕೈ ಎತ್ತಲಿಲ್ಲ. ರಕ್ತ ಉಗುಳಿದ. "ನಾ ನೋಡಿಲ್ಲ ಅನ್ನಾಕ ಬರೂದಿಲ್ಲ. ಆದ್ರ ಪಂಚರಿಗೆ ಚಿತ್ರಾ ಬೇಕು. ತಾ."

ಇಂದು ಇನ್ನೊಂದು ಹಿಂಡು ಬಂದಿದೆ. ಮೊದಲಿನ ಹಿಂಡು ಬೇನೆಯದಾಗಿತ್ತು ಎಂದು ಇವನ್ನೂ ಕೊಲ್ಲಲು ಪಂಚರು ಹೊರಟಿದ್ದಾರೆ. ನಾಳೆ ಬೆಳಗಿನ ತನಕ ತಡೆಯಿರಿ ಎಂದು ದ್ಯಾಮಣ್ಣ ಕೇಳಿಕೊಂಡಿದ್ದಾನೆ. ನಮ್ಮ ಕಾನೂನಿನಲ್ಲಿ ಒಂದು ಕಿಂಡಿ ಇದೆ: ಸುಳ್ಳುಬಿಂಬಕ್ಕೂ ಹಿಂದಿನ ಚಿತ್ರ ಪಂಚರ ಎದುರಲ್ಲೇ ಮಣ್ಣಿನಿಂದ ಹೊರಬಂದರೆ, ಅದನ್ನು ಅವರು ಒಪ್ಪಲೇಬೇಕು.

ಉದ್ದನೆಯ ಲೆನ್ಸ್ ಹಿಡಿದು ಕೆರೆ ದಂಡೆಯಲ್ಲಿ ಕೂರುವವರು ನಿಮ್ಮಲ್ಲಿದ್ದಾರೆ ಎಂದು ಕೇಳಿದ್ದೇನೆ. ಚಂದದ್ದೊಂದು ಸಿಕ್ಕ ಕೂಡಲೇ ಉಳಿದವನ್ನು ಅಳಿಸುತ್ತೀರಂತೆ. ಅಳಿಸಬೇಡಿ. ಒಂದೇ ಹಂಸ ಆಕಾಶದಿಂದ ನೀರಿಗೆ ಇಳಿಯುವುದನ್ನು, ಮಗುಚುವುದನ್ನು, ಸರಿಹೋಗುವುದನ್ನು, ಆರಾಮಾಗಿ ಈಜುವುದನ್ನು ಸಾಲಾಗಿ ತೆಗೆಯಿರಿ. ಫೋನಿನಲ್ಲಿಟ್ಟರೆ ಉಪಯೋಗವಿಲ್ಲ, ನಿಮ್ಮ ಫೋನುಗಳು ಇಲ್ಲಿ ಬರೀ ಗಾಜಿನ ಚೂರು. ಕಾಗದದ ಮೇಲೆ ಅಚ್ಚು ಹಾಕಿ, ಭರಣಿಯಲ್ಲಿಟ್ಟು, ಮೇಣದಿಂದ ಬಾಯಿ ಮುಚ್ಚಿ, ಕಲಹಾಳ ಕೆರೆಯ ತೂಬಿನ ಪಕ್ಕ ಇರುವ ವೀರಗಲ್ಲಿನ ಅಡಿ ಹೂಳಿ. ಕತ್ತಿ ಹಿಡಿದವನ ಮೊಣಕೈ ಮುರಿದಿದೆ, ಗುರುತು ಸಿಗುತ್ತದೆ. ಆ ಕಲ್ಲು ನಿಮ್ಮ ಕಾಲದಲ್ಲೂ ಅಲ್ಲೇ ಇದೆ.

ಆ ಕಲ್ಲನ್ನು ನಾನಿನ್ನೂ ಎತ್ತಿಲ್ಲ. ಮೊದಲು ಈ ಕಾಗದ ನಿಮ್ಮನ್ನು ಮುಟ್ಟಲಿ. ಬೆಳಗ್ಗೆ ಪಂಚರು ಏರಿಗೆ ಬರುತ್ತಾರೆ. ಕೋವಿಗಳಿಗೆ ಛರ್ರಾ ತುಂಬಿಯಾಗಿದೆ. ಹಾರೆ ತಾನೇ ತರುತ್ತೇನೆ ಎಂದು ದ್ಯಾಮಣ್ಣ ಹೇಳಿದ್ದಾನೆ.

ಕೆರೆಗಣ್ಣು ನೀಲಗಂಗವ್ವ