ಎರಡೂವರೆ ಗಂಟೆಯ ದಾರಿ

ಗುಮ್ಮಳಾಪುರ
ಮಂಗಳವಾರ ಬೆಳಿಗ್ಗೆ

ಬಾಮೈದ ಮುನಿರಾಜನಿಗೆ, ಹನ್ನೊಂದು ತಿಂಗಳಿಂದ ಫೋನಿನಲ್ಲಿ ನಿನ್ನ ಹೆಸರು ಒತ್ತಲು ಧೈರ್ಯ ಬಾರದ ಭಾವ ಬರೆಯುವುದು.

ನೀನೂ ಸುಧಾಳೂ ಕೋಲ್ಕತ್ತಾದಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ರಾಗಿ ತೆನೆ ಬಿಟ್ಟಿದೆ, ಆನೆಗಳು ಇನ್ನೂ ಈ ಕಡೆ ಬಂದಿಲ್ಲ. ಅದಿರಲಿ. ಎಲ್ಲೋ ಹೊರಟು ಎಲ್ಲೋ ಹೋಗುವುದು ನನ್ನ ಚಾಳಿ. ನಿಮ್ಮಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ, ವಿಷಯಕ್ಕೆ ಬನ್ನಿ ಅನ್ನುತ್ತಿದ್ದಳು.

ಮೊನ್ನೆ ಪಕ್ಕದ ಮನೆ ಸುಬ್ರಮಣಿ ಕಾರ್ಖಾನೆ ಕೆಲಸದ ಮೇಲೆ ಪುಣೆಗೆ ಹೊರಟ. ವಿಮಾನ ನಿಲ್ದಾಣ ನೋಡುವ ಆಸೆಗೆ ನಾನೂ ಕಾರು ಹತ್ತಿದೆ. ಆರಕ್ಕೆ ಊರು ಬಿಟ್ಟವರು ಹೊಸೂರು, ಅತ್ತಿಬೆಲೆ, ಸಿಲ್ಕ್ ಬೋರ್ಡ್ ಎಂದು ನಿಂತು ನಿಂತು ಹತ್ತಕ್ಕೆ ತಲುಪಿದೆವು. ವಿಮಾನ ಹನ್ನೆರಡೂವರೆಗೆ. ಎರಡು ಗಂಟೆ ಮೊದಲೇ ಒಳಗೆ ಹೋಗಬೇಕಂತೆ. ಹಾರುವುದು ಎಷ್ಟು ಹೊತ್ತು ಎಂದು ಕೇಳಿದೆ. "ಒಂದೂವರೆ ಗಂಟೆ ಅಷ್ಟೇ ಅಣ್ಣ" ಎಂದ. ಪೆಟ್ಟಿಗೆ ತಳ್ಳಿಕೊಂಡು ಹೋಗುವವರ ನಡುವೆ ನಾನು ನಿಂತಲ್ಲೇ ನಿಂತುಬಿಟ್ಟೆ.

ನಿಮ್ಮಕ್ಕ ವೆಂಕಟಲಕ್ಷ್ಮಿ ಹೋದ ದಿನ ಬೆಳಿಗ್ಗೆ ಏಳಕ್ಕೆ ನಿನಗೆ ಸುದ್ದಿ ಮುಟ್ಟಿಸಿದೆನಲ್ಲ, ಆಮೇಲೆ ಫೋನಿನಲ್ಲಿ ಹುಡುಕಿದ್ದೆ. ಕೋಲ್ಕತ್ತಾದಿಂದ ಬೆಂಗಳೂರಿಗೆ ಸಾವಿರದ ಐನೂರು ಚಿಲ್ಲರೆ ಕಿಲೋಮೀಟರ್, ಎರಡೂವರೆ ಗಂಟೆ. 'ಶಾರ್ಟೆಸ್ಟ್ ಡಿಸ್ಟೆನ್ಸ್ ಈಸ್ ಎ ಸ್ಟ್ರೈಟ್ ಲೈನ್' ಎಂದು ಕಾಲೇಜಿನಲ್ಲಿ ಓದಿದ್ದು ನೆನಪಿತ್ತು. ಮುಂದೆ ಇನ್ನೂ ಏನೋ ಇತ್ತು, ಮರೆತಿದ್ದೇನೆ. ಒಂದು ದಿನವೂ ವಿಮಾನ ಹತ್ತದ ನಾನು ಗಡಿಯಾರ ನೋಡಿ, ಹನ್ನೆರಡಕ್ಕೆಲ್ಲ ತವರಿನ ಸೀರೆ ಬರುತ್ತದೆ ಎಂದು ಜನರಿಗೆ ಹೇಳಿಬಿಟ್ಟೆ. ಹನ್ನೆರಡಾಯಿತು, ಎರಡಾಯಿತು. ನಿನ್ನ ಫೋನು ಹತ್ತಲಿಲ್ಲ. ಹಿರಿಯರಾದ ಪಾಪಯ್ಯ, "ಬರೋ ಮನಸಿದ್ದೋನು ಇಷ್ಟೊತ್ಗೆ ಬಂದಿರ್ತಿದ್ದ ಕಣಪ್ಪ, ಎತ್ರಿ" ಎಂದರು. ತಲೆಯಾಡಿಸಿದವನು ನಾನು. ತವರಿನವರು ಹೊದಿಸಬೇಕಾದ ಸೀರೆ ಇಲ್ಲದೆ ಮೂರು ಗಂಟೆಗೆ ಅವಳನ್ನು ಮಣ್ಣಿಗಿಟ್ಟೆವು.

ದೀಪ ಹಚ್ಚುವ ಹೊತ್ತಿಗೆ ನೀನು ಬಂದೆ, ಹಸಿರು ಸೀರೆಯನ್ನು ಎದೆಗವಚಿಕೊಂಡು. "ಎರಡೂವರೆ ಗಂಟೆ ದಾರಿ ಕಣ್ಲಾ. ಹನ್ನೆರಡು ಗಂಟೆ ಮಾಡ್ಕೊಂಡು ಬಂದಿದ್ದೀಯ. ಅದನ್ನ ವಾಪಸ್ ತಗೊಂಡೋಗು" ಎಂದೆ, ಅಂಗಳದ ತುಂಬ ಇದ್ದವರೆಲ್ಲ ಕೇಳುವ ಹಾಗೆ. ನೀನು ಅಂದದ್ದು ಒಂದೇ ಮಾತು. "ಅಕ್ಕನ್ನ ಎಲ್ಲಿಟ್ರಿ ಭಾವ, ತೋರ್ಸು." ನಾನು ಮುಖ ತಿರುಗಿಸಿಕೊಂಡೆ. ಭದ್ರಮ್ಮತ್ತೆ ನಿನ್ನನ್ನು ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ನೀನು ಹೊರಟುಹೋಗಿದ್ದೆ.

ಮೊನ್ನೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನಿನ್ನ ಆ ದಿನವನ್ನು ಲೆಕ್ಕ ಹಾಕಿದೆ. ಟಿಕೆಟ್ಟು ಹುಡುಕಿದ್ದು, ಆ ದುಃಖದಲ್ಲೂ ಅಂಗಡಿ ತೆಗೆಯುವವರೆಗೆ ಕಾದು ಸೀರೆ ತಂದದ್ದು, ಆ ಊರಿನ ರಸ್ತೆ, ಅಲ್ಲಿನ ಕಾಯುವಿಕೆ, ಇಳಿದ ಮೇಲೆ ಇದೇ ಸಿಲ್ಕ್ ಬೋರ್ಡು. ಎಷ್ಟು ಕೂಡಿದರೂ ನೀನು ಸುಮ್ಮನೆ ಕಳೆದ ಒಂದು ನಿಮಿಷವೂ ಸಿಗಲಿಲ್ಲ. ಅವಸರ ಮಾಡಿದವನು ನಾನೊಬ್ಬನೇ ಮುನಿರಾಜ.

ಮುಂದಿನ ತಿಂಗಳು ಹದಿನಾಲ್ಕಕ್ಕೆ ಅವಳ ವರ್ಷದ ಎಡೆ. ಪಾಪಯ್ಯ ಹೊತ್ತು ಗೊತ್ತುಮಾಡಲು ಬಂದಿದ್ದರು. ತವರಿನವನು ಬಂದ ಹೊತ್ತೇ ಹೊತ್ತು ಎಂದು ಕಳಿಸಿದ್ದೇನೆ. ಆ ಸೀರೆ ಇದ್ದರೆ ತಾ, ಯಾರಿಗಾದರೂ ಕೊಟ್ಟಿದ್ದರೆ ಬರಿಗೈಯಲ್ಲೇ ಬಾ. ನಿನ್ನನ್ನು ಅವಳಿರುವಲ್ಲಿಗೆ ನಾನೇ ಕರೆದುಕೊಂಡು ಹೋಗಬೇಕು. ಅಂದು ನಿನ್ನನ್ನು ಬೈದ ಅಂಗಳದಲ್ಲೇ, ಕೇಳಿದ ಜನರೆದುರಿಗೇ, ತಪ್ಪು ನನ್ನದು ಎಂದು ಹೇಳುತ್ತೇನೆ. ನೀನು ಬಾರದಿದ್ದರೂ ಹೇಳುತ್ತೇನೆ.

ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ನಿನ್ನ ಭಾವ,
ರಘುನಾಥ